ಚೊಕ್ಕಟವಾಗಿ ಕಾಣುವ ಪುಟ್ಟ ಆಮೆಯಿಂದಲೂ ಕಾಯಿಲೆ ಬರುತ್ತದೆಯೇ?

ಆಮೆ ಮನೆಯಲ್ಲಿದ್ದರೆ ಶುಭ ಎಂಬ ನಂಬಿಕೆಯಿಂದಲೋ, ಮಕ್ಕಳ ಹಟಕ್ಕೋ ಅಂಗೈಯಲ್ಲಿ ಹಿಡಿಸುವ ಪುಟ್ಟ ಆಮೆಯನ್ನು ಕೊಂಡು ತರುವವರಿದ್ದಾರೆ. ಹೀಗೆ ಮಾರಾಟವಾಗುವುದು ಹೆಚ್ಚಾಗಿ ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಇದು ಅಮೆರಿಕ ಮೂಲದ್ದು. (ನಮ್ಮ ನಕ್ಷತ್ರ ಆಮೆಯನ್ನಂತೂ ಮನೆಯಲ್ಲಿ ಇಟ್ಟುಕೊಳ್ಳುವುದೇ ಕಾನೂನುಬಾಹಿರ.) ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ರೇಬೀಸ್ ಭಯವೂ ಇಲ್ಲ. ಹಾಗಾಗಿ ನಾಯಿ, ಬೆಕ್ಕಿಗಿಂತ ಇದೇ ಸುರಕ್ಷಿತ ಎಂದುಕೊಳ್ಳುತ್ತೇವೆ.

ಆದರೆ ಆಮೆಯ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದರಿಂದ ಆಮೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಚುರುಕಾಗಿಯೇ ಈಜಾಡಿಕೊಂಡಿರುತ್ತದೆ. ಮಲದ ಮೂಲಕ ಹೊರಬಂದ ಬ್ಯಾಕ್ಟೀರಿಯಾ ತೊಟ್ಟಿಯ ನೀರಿಗೆ, ಅಲ್ಲಿಂದ ಚಿಪ್ಪಿಗೆ, ಚಿಪ್ಪಿನಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಕಚ್ಚಬೇಕೆಂದೇನೂ ಇಲ್ಲ.

'ಪರೀಕ್ಷೆ ಮಾಡಿಸಿದರೆ ಆಯಿತಲ್ಲ?' ಎನ್ನಬಹುದು. ಆಮೆ ಈ ಬ್ಯಾಕ್ಟೀರಿಯಾವನ್ನು ಎಲ್ಲ ದಿನವೂ ಹೊರಹಾಕುವುದಿಲ್ಲ. ಇವತ್ತು ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಮುಂದಿನ ವಾರ ಸಿಗಬಹುದು. ಆ್ಯಂಟಿಬಯೋಟಿಕ್ ಕೊಟ್ಟು ಪೂರ್ತಿ ತೊಲಗಿಸುವ ಪ್ರಯತ್ನಗಳೂ ಫಲಿಸಿಲ್ಲ. ಔಷಧಕ್ಕೆ ಬಗ್ಗದ ತಳಿಗಳು ಹುಟ್ಟಿಕೊಂಡಿದ್ದೇ ಬಂತು.

ಅಮೆರಿಕದಲ್ಲಿ ಪುಟ್ಟ ಆಮೆಗಳಿಂದ ಮಕ್ಕಳು ಕಾಯಿಲೆ ಬೀಳುವುದು ಎಷ್ಟು ಹೆಚ್ಚಾಗಿತ್ತೆಂದರೆ, 1975ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುಪ್ರಾಣಿಯಾಗಿ ಮಾರುವುದನ್ನೇ ನಿಷೇಧಿಸಿತು. ದೊಡ್ಡ ಆಮೆಯಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲವೆಂದಲ್ಲ. ಚಿಕ್ಕದನ್ನು ಮಕ್ಕಳು ಆಟಿಕೆಯಂತೆ ಹಿಡಿಯುತ್ತಾರೆ, ಮುತ್ತಿಡುತ್ತಾರೆ, ಬಾಯಿಗೂ ಹಾಕಿಕೊಳ್ಳುತ್ತಾರೆ!

ಸೋಂಕು ತಗುಲಿದರೆ ಸಾಮಾನ್ಯವಾಗಿ 6 ಗಂಟೆಯಿಂದ 6 ದಿನದೊಳಗೆ ಜ್ವರ, ಭೇದಿ, ಹೊಟ್ಟೆನುಲಿತ ಶುರುವಾಗುತ್ತದೆ. ಹೆಚ್ಚಿನವರು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. 5 ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಮಾತ್ರ ಅದು ರಕ್ತಕ್ಕೆ ಸೇರಿ ಜೀವಕ್ಕೇ ಅಪಾಯ ತರಬಹುದು. ಇಂಥವರಿರುವ ಮನೆಗೆ ಆಮೆ ಬೇಡವೆಂದೇ ನಾವು ಹೇಳುತ್ತೇವೆ.

ಈಗಾಗಲೇ ಸಾಕಿದ್ದರೆ, ಮುಟ್ಟಿದ ಪ್ರತಿ ಸಲವೂ ಸೋಪು ಹಚ್ಚಿ ಕೈ ತೊಳೆಯಿರಿ. ಬಹಳ ಮನೆಗಳಲ್ಲಿ ಎಡವುವುದು ತೊಟ್ಟಿ ತೊಳೆಯುವಾಗ: ಆ ನೀರನ್ನು ಪಾತ್ರೆ ತೊಳೆಯುವ ಸಿಂಕಿಗೆ ಸುರಿಯುತ್ತಾರೆ. ಹಾಗೆ ಮಾಡಿದರೆ ಆಮೆಯನ್ನು ಮುಟ್ಟದ ಕೂಸಿಗೂ ಸೋಂಕು ತಗುಲಬಹುದು. ತೊಟ್ಟಿಯನ್ನು ಅಡುಗೆಮನೆಯಿಂದ ದೂರ, ಸಾಧ್ಯವಾದರೆ ಹೊರಗೆ ತೊಳೆಯಿರಿ. ಮಗುವಿಗೆ ಜ್ವರ, ಭೇದಿ ಬಂದರೆ ವೈದ್ಯರು ಕೇಳದಿದ್ದರೂ ಮನೆಯಲ್ಲಿ ಆಮೆ ಇದೆಯೆಂದು ತಿಳಿಸಿ.

ಹಾಗೆಂದು ಆಮೆಯನ್ನು ಹತ್ತಿರದ ಕೆರೆಗೆ ಬಿಟ್ಟು ಬರಬೇಡಿ. ಈ ವಿದೇಶಿ ಆಮೆ ಅಲ್ಲಿ ಬೇರೂರಿದರೆ ಸ್ಥಳೀಯ ಆಮೆಗಳ ಆಹಾರಕ್ಕೂ ಬಿಸಿಲು ಕಾಯಿಸುವ ಜಾಗಕ್ಕೂ ಪೈಪೋಟಿಗೆ ನಿಲ್ಲುತ್ತದೆ. ಪಶುವೈದ್ಯರನ್ನೋ ಪ್ರಾಣಿ ರಕ್ಷಣಾ ಕೇಂದ್ರವನ್ನೋ ವಿಚಾರಿಸಿ.