ನಾಯಿಯ ರಕ್ತ ಕ್ಯಾನ್ಸರ್: ಗುಳಿಗೆಗೆ ಮೊದಲು ಸೂಜಿ ಪರೀಕ್ಷೆ

ನಿಮ್ಮ ನಾಯಿಯ ಕತ್ತು ಸವರುವಾಗ ದವಡೆಯ ಕೆಳಗೆ ಎರಡೂ ಬದಿಯಲ್ಲಿ ಗಟ್ಟಿ ಗಂಟುಗಳು ಕೈಗೆ ಸಿಕ್ಕುತ್ತವೆ ಎಂದುಕೊಳ್ಳಿ. ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆಯೂ ಅಂಥವೇ ಇವೆ. ಮುಟ್ಟಿದರೆ ನೋವಿಲ್ಲ, ಊಟ, ಓಟ ಎಂದಿನಂತಿವೆ. ಊದಿಕೊಂಡಿರುವುದು ದುಗ್ಧಗ್ರಂಥಿಗಳು. ಉಣ್ಣೆಯಿಂದ ಹರಡುವ ಎರ್ಲಿಕಿಯ ಸೋಂಕಿನಲ್ಲೂ ಇವು ಊದುವುದುಂಟು. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೈವಿಕವಿದೆ. ಆದರೆ ಇದು ಲಿಂಫೋಮ, ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್ ಕೂಡ ಆಗಿರಬಹುದು.

ಯಾವುದೆಂದು ಬೆರಳಿಗೆ ತಿಳಿಯದು. ಪಶುವೈದ್ಯರು ಗ್ರಂಥಿಗೆ ತೆಳು ಸೂಜಿ ಚುಚ್ಚಿ, ಬಂದ ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸಹಜ ಗ್ರಂಥಿಯಲ್ಲಿ ಚಿಕ್ಕ ಲಿಂಫೋಸೈಟುಗಳೇ ಹೆಚ್ಚು. ಲಿಂಫೋಮದಲ್ಲಿ ಸಾಮಾನ್ಯವಾಗಿ ಒಂದೇ ತೆರನ ದೊಡ್ಡ ಕೋಶಗಳು ಕಿಕ್ಕಿರಿದಿರುತ್ತವೆ.

ಈ ಪರೀಕ್ಷೆಗೆ ಮೊದಲೇ ಪ್ರೆಡ್ನಿಸೊಲೋನ್ ಗುಳಿಗೆ ನುಂಗಿಸಿದರೆ ಏನಾಗುತ್ತದೆ? ಈ ಸ್ಟೀರಾಯ್ಡ್ ಲಿಂಫೋಸೈಟುಗಳನ್ನು ಕೊಲ್ಲುತ್ತದೆ. ಕೆಲವೇ ದಿನಗಳಲ್ಲಿ ಗಂಟು ಇಳಿಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಉಳಿದುಕೊಳ್ಳುವುದು ಔಷಧವನ್ನು ತಡೆದುಕೊಂಡ ಕೋಶಗಳು. ಅವು ಮತ್ತೆ ಬೆಳೆದಾಗ ಬೇರೆ ಔಷಧಗಳಿಗೂ ಸುಲಭವಾಗಿ ಬಗ್ಗುವುದಿಲ್ಲ. ರೋಗನಿದಾನವೂ ಕಷ್ಟವಾಗುತ್ತದೆ.

ಮುಖ್ಯ ಚಿಕಿತ್ಸೆಯಲ್ಲಿ ನಾಲ್ಕು ಔಷಧಗಳಿವೆ: ವಿನ್‌ಕ್ರಿಸ್ಟಿನ್, ಸೈಕ್ಲೊಫಾಸ್ಫಮೈಡ್, ಡಾಕ್ಸೊರುಬಿಸಿನ್, ಜೊತೆಗೆ ಅದೇ ಪ್ರೆಡ್ನಿಸೊಲೋನ್. ಸುಮಾರು ನಾಲ್ಕರಿಂದ ಆರು ತಿಂಗಳು ಸರದಿಯಂತೆ ಕೊಡುತ್ತಾರೆ. ವಿನ್‌ಕ್ರಿಸ್ಟಿನ್‌ನ ಮೂಲ ನಮ್ಮ ಅಂಗಳದ ಕಾಶಿಕಣಗಿಲೆ! ಕೋಶ ವಿಭಜನೆಯ ಪಾಠದಲ್ಲಿ ವರ್ಣತಂತುಗಳನ್ನು ಎಳೆಯುವ ಎಳೆಗಳ ಚಿತ್ರ ಬರೆದಿದ್ದೀರಲ್ಲ, ಆ ಎಳೆಗಳು ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ.

ಈ ಔಷಧಗಳ ಪ್ರಮಾಣವನ್ನು ಸಾಮಾನ್ಯವಾಗಿ ದೇಹದ ಮೇಲ್ಮೈ ವಿಸ್ತೀರ್ಣದಿಂದ ಲೆಕ್ಕ ಹಾಕುತ್ತಾರೆ. 10 ಕಿ.ಗ್ರಾಂ ನಾಯಿಯ ಮೇಲ್ಮೈ ಸುಮಾರು 0.47 ಚದರ ಮೀಟರ್, 30 ಕಿ.ಗ್ರಾಂ ನಾಯಿಯದು 0.98. ತೂಕ ಮೂರು ಪಟ್ಟಾದರೂ ಮೇಲ್ಮೈ ಎರಡು ಪಟ್ಟು ಮಾತ್ರ. ವಿನ್‌ಕ್ರಿಸ್ಟಿನ್ ಮನುಷ್ಯರಿಗೆ ಚದರ ಮೀಟರಿಗೆ 1.4 ಮಿ.ಗ್ರಾಂ ಆದರೆ ನಾಯಿಗೆ 0.5ರಿಂದ 0.7. ಇಲ್ಲಿ ಗುರಿಯೇ ಬೇರೆ: ರೋಗವನ್ನು ಬೇರುಸಹಿತ ಕೀಳುವುದಲ್ಲ, ನಾಯಿಗೆ ನೆಮ್ಮದಿಯ ದಿನಗಳನ್ನು ಒದಗಿಸುವುದು. ಅದಕ್ಕೇ ಹೆಚ್ಚಿನ ನಾಯಿಗಳಿಗೆ ವಾಂತಿ, ಸುಸ್ತು ಅಷ್ಟಾಗಿ ಕಾಡುವುದಿಲ್ಲ. ಪೂಡಲ್‌ನಂಥ ತಳಿಗಳನ್ನು ಬಿಟ್ಟರೆ ಕೂದಲೂ ಅಷ್ಟು ಉದುರದು. ಕಾಲಿ ಜಾತಿಯ ಕೆಲವು ನಾಯಿಗಳಲ್ಲಿ ಮಾತ್ರ ಔಷಧವನ್ನು ಹೊರದೂಡುವ ಜೀನ್ ಕೆಟ್ಟಿರುತ್ತದೆ. ಅವಕ್ಕೆ ಪ್ರಮಾಣ ಇನ್ನೂ ತಗ್ಗಬೇಕು.

ಚಿಕಿತ್ಸೆ ಇಲ್ಲದಿದ್ದರೆ ಆಯುಸ್ಸು ಬಹುಪಾಲು ನಾಲ್ಕರಿಂದ ಆರು ವಾರ. ನಾಲ್ಕೂ ಔಷಧ ಕೊಟ್ಟರೆ, ಬಿ-ಕೋಶದ ಬಗೆಯಲ್ಲಿ ಸುಮಾರು ಒಂದು ವರ್ಷ. ಟಿ-ಕೋಶದ್ದರಲ್ಲಿ ಸಾಮಾನ್ಯವಾಗಿ ಕಡಿಮೆ. ಪೂರ್ಣ ಗುಣವಾಗುವುದು ವಿರಳ. ಖರ್ಚು ಭರಿಸಲಾಗದವರು ಪ್ರೆಡ್ನಿಸೊಲೋನ್ ಒಂದನ್ನೇ ಆರಿಸಿಕೊಂಡರೆ ತಪ್ಪಿಲ್ಲ. ಅದರಿಂದ ಒಂದೆರಡು ತಿಂಗಳು ನೆಮ್ಮದಿ ಸಿಗುತ್ತದೆ. ಆದರೆ ಆ ಆಯ್ಕೆ ಸೂಜಿ ಪರೀಕ್ಷೆಯ ನಂತರದ್ದಾಗಿರಲಿ.

ಮನೆಯವರ ಪಾಲಿನ ಕೆಲಸವೂ ಇದೆ. ಚುಚ್ಚುಮದ್ದಾದ ಸುಮಾರು ವಾರದ ನಂತರ ಬಿಳಿ ರಕ್ತಕಣಗಳು ತೀರ ಇಳಿದಿರುತ್ತವೆ. ಆಗ ಜ್ವರ ಬಂದರೆ ಬೆಳಗಿನವರೆಗೆ ಕಾಯದೆ ವೈದ್ಯರ ಬಳಿ ಒಯ್ಯಿರಿ. ಮೊದಲ ಕೆಲವು ದಿನ ಮೂತ್ರ, ಮಲದಲ್ಲಿ ಔಷಧದ ಅಂಶವಿರುವುದರಿಂದ ಕೈಗವಸು ಹಾಕಿ ತೊಳೆಯಿರಿ. ಮಕ್ಕಳು, ಗರ್ಭಿಣಿಯರು ಆ ಕೆಲಸಕ್ಕೆ ಬೇಡ. ಸೈಕ್ಲೊಫಾಸ್ಫಮೈಡ್ ಗುಳಿಗೆಯನ್ನು ಮುರಿದು ಅನ್ನದಲ್ಲಿ ಕಲಸಬೇಡಿ, ಇಡಿಯಾಗಿಯೇ ನುಂಗಿಸಿ.