ಬಲಿಯದೆ ಮಾಗದು ಮಾವು

ಮಾವು ಕಾಯಿ ಕಚ್ಚಿದ ಮೇಲೆ ಅದರ ಬೆಳವಣಿಗೆಯನ್ನು ಹೆಚ್ಚಾಗಿ ನಡೆಸುವುದು ಒಳಗಿರುವ ಬೀಜ. ಎಳೆ ಬೀಜದಲ್ಲಿ ಆಕ್ಸಿನ್, ಜಿಬ್ಬೆರೆಲಿನ್, ಸೈಟೊಕೈನಿನ್ ಎಂಬ ಹಾರ್ಮೋನುಗಳು ತಯಾರಾಗುತ್ತವೆ. ಇವುಗಳಿಂದಲೇ ತಿರುಳಿನ ಜೀವಕೋಶಗಳು ಹೆಚ್ಚುತ್ತವೆ, ಹಿಗ್ಗುತ್ತವೆ. ಕಾಯಿಯಿಂದ ತೊಟ್ಟಿನ ಕಡೆಗೆ ಆಕ್ಸಿನ್ ಹರಿಯುತ್ತಿರುವವರೆಗೆ ತೊಟ್ಟು ಗಟ್ಟಿ. ಆ ಹರಿವು ಕ್ಷೀಣಿಸಿದರೆ ಹೀಚು ಉದುರುತ್ತದೆ. ಬೀಜವೇ ಬೆಳೆಯದ ದ್ರಾಕ್ಷಿಗೆ ಈ ಆಸರೆ ಕಡಿಮೆ. ವಿಜಯಪುರದ ಕಡೆ ಬೆಳೆಗಾರರು ಗೊಂಚಲುಗಳಿಗೆ 'ಜಿಎ' ಕೊಡುವುದು ಇದಕ್ಕಾಗಿಯೇ. ಅದು ಜಿಬ್ಬೆರೆಲಿಕ್ ಆಮ್ಲ.

ಬಲಿತ ಮೇಲೆ ಮಾಗುವುದು ಬೇರೆಯೇ ಕೆಲಸ. ಅದಕ್ಕೆ ಎಥಿಲಿನ್ ಬೇಕು, ಅದೊಂದು ಅನಿಲ. ಬಲಿತ ಮಾವು, ಬಾಳೆ, ಸಪೋಟಗಳಲ್ಲಿ ಸ್ವಲ್ಪ ಎಥಿಲಿನ್ ಹುಟ್ಟಿದರೆ ಅದೇ ಇನ್ನಷ್ಟು ಎಥಿಲಿನ್ ಹುಟ್ಟಿಸುತ್ತದೆ. ಆಗ ಕಿಣ್ವಗಳು ಚುರುಕಾಗುತ್ತವೆ: ಪಿಷ್ಟ ಸಕ್ಕರೆಯಾಗುತ್ತದೆ, ಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಸಡಿಲಗೊಳ್ಳುತ್ತದೆ, ಹಸಿರು ಕರಗುತ್ತದೆ, ಪರಿಮಳ ಬರುತ್ತದೆ. ಕಾಯಿಗಳನ್ನು ಹುಲ್ಲಿನಲ್ಲಿ ಮುಚ್ಚಿಟ್ಟರೆ ಅನಿಲ ಸುತ್ತಲೇ ಉಳಿಯುತ್ತದೆ. ಬಾಳೆಗೊನೆಗೆ ಹೊಗೆ ಹಾಕುವ ಹಳೆಯ ಪದ್ಧತಿಯೂ ಸರಿಯೇ, ಹೊಗೆಯಲ್ಲಿ ಎಥಿಲಿನ್ ಇರುತ್ತದೆ. ದ್ರಾಕ್ಷಿ, ದಾಳಿಂಬೆ, ಕಿತ್ತಳೆ ಈ ಗುಂಪಿನವಲ್ಲ. ಕೊಯ್ದ ಮೇಲೆ ಅವು ಸಿಹಿಯಾಗುವುದಿಲ್ಲ.

ಕ್ಯಾಲ್ಸಿಯಂ ಕಾರ್ಬೈಡ್‌ಗೆ ತೇವ ತಾಗಿದಾಗ ಬರುವ ಅಸಿಟಿಲಿನ್ ಎಥಿಲಿನ್‌ನಂತೆಯೇ ಕೆಲಸ ಮಾಡುತ್ತದೆ, ಆದರೆ ಅದರ ಸಾಮರ್ಥ್ಯ ತುಂಬ ಕಡಿಮೆ. ಜೊತೆಗೆ ಆರ್ಸೆನಿಕ್, ರಂಜಕದ ಅಂಶಗಳೂ ಇರಬಹುದು. ಆದ್ದರಿಂದಲೇ ಹಣ್ಣು ಮಾಡಲು ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ. ಹಣ್ಣು ಮಾಡುವ ಕೋಣೆಗಳಲ್ಲಿ 100 ಪಿಪಿಎಂವರೆಗೆ ಎಥಿಲಿನ್ ಅನಿಲಕ್ಕೆ ಅನುಮತಿಯಿದೆ. ಅದು ಹಣ್ಣು ತಾನೇ ತಯಾರಿಸುವ ವಸ್ತು, ಹೆದರಬೇಕಿಲ್ಲ.

ನನ್ನ ದೃಷ್ಟಿಯಲ್ಲಿ ಗ್ರಾಹಕರಿಗೆ ಮೊದಲ ಅನ್ಯಾಯ ಆಗುವುದು ತೋಟದಲ್ಲೇ. ಹಂಗಾಮಿನ ಆರಂಭದ ಬೆಲೆಗಾಗಿ ಎಳೆ ಕಾಯಿ ಕಿತ್ತರೆ ಸಕ್ಕರೆಯಾಗಬೇಕಾದ ಪಿಷ್ಟವೇ ಅದರಲ್ಲಿ ಸಾಕಷ್ಟು ಕೂಡಿರುವುದಿಲ್ಲ. ಎಷ್ಟು ಎಥಿಲಿನ್ ಕೊಟ್ಟರೂ ಸಿಪ್ಪೆ ಹಳದಿಯಾದೀತು, ರುಚಿ ಬಾರದು. ಬಲಿತ ಮಾವಿನ ಭುಜಗಳು ತೊಟ್ಟಿನ ಬುಡಕ್ಕಿಂತ ಮೇಲೆ ಉಬ್ಬಿರುತ್ತವೆ; ನೀರಿಗೆ ಹಾಕಿದರೆ ಸಾಮಾನ್ಯವಾಗಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಮನೆಗೆ ತಂದ ಕಾಯಿಯನ್ನು ಫ್ರಿಜ್‌ನಲ್ಲಿ ಇಡಬೇಡಿ, ಚಳಿಗೆ ಸಿಪ್ಪೆ ಕಪ್ಪಿಟ್ಟು ಸರಿಯಾಗಿ ಮಾಗುವುದಿಲ್ಲ. ಕಾಗದದ ಚೀಲದಲ್ಲಿ ಒಂದು ಮಾಗಿದ ಬಾಳೆಹಣ್ಣಿನ ಜೊತೆ ಇಡಿ. ಹಣ್ಣಾದ ಮೇಲೆ ಫ್ರಿಜ್‌ಗೆ ಹಾಕಬಹುದು.