ಮರಿ ನೋಡಿ ತಂದರು, ಚೂರಿ ನೋಡಿದರೇ?

ದುದ್ದ: ಯುಗಾದಿಯ ಮಾರನೇ ದಿನ ಹೊಸತೊಡಕು. ಮಂಡ್ಯ ಸೀಮೆಯಲ್ಲಿ ಆವತ್ತು ಬಾಡು ಬೇಯದ ಒಲೆ ಅಪರೂಪ. ಹತ್ತಾರು ಮನೆಯವರು ಚೀಟಿ ಕಟ್ಟಿ, ಮರಿ ತಂದು ಕುಯ್ದು, ಸಮನಾಗಿ ಗುಡ್ಡೆ ಹಾಕಿಕೊಳ್ಳುವುದು ವಾಡಿಕೆ. ದುದ್ದ ಹೋಬಳಿಯೂ ಇದಕ್ಕೆ ಹೊರತಲ್ಲ. ಬೆನ್ನು ಹಿಡಿದು, ತೊಡೆ ಒತ್ತಿ, ಬಂಡೂರು ತಳಿಯೋ ಬೆರಕೆಯೋ ಎಂದು ಗಂಟೆಗಟ್ಟಲೆ ನೋಡುವ ಯಜಮಾನರು ಚೂರಿಯ ವಿಷಯಕ್ಕೆ ಬಂದರೆ ಮಾತ್ರ ‘ಯಾವುದೋ ಒಂದು ತಗೊಂಬಾರ್ಲಾ’ ಅಂತಾರೆ. ಎಡವಟ್ಟು ಶುರುವಾಗೋದೇ ಅಲ್ಲಿ.

ಮೊಂಡು ಚೂರಿ ಕೈ ಕುಯ್ಯೋದಿಲ್ಲ ಅನ್ನೋದು ತಪ್ಪು ತಿಳಿವಳಿಕೆ. ಮೊಂಡಾದಷ್ಟೂ ಬಲ ಹಾಕಬೇಕು, ಬಲ ಹಾಕಿದಷ್ಟೂ ಜಾರುತ್ತೆ. ಜಾರಿದ್ದು ಬೆರಳಿಗೆ ಬೀಳಬಹುದು, ಇಲ್ಲವೇ ಬೋಟಿಗೆ ತಗುಲಬಹುದು. ಬೋಟಿ ಒಡೆದರೆ ಹೊಲಸು, ಪಿತ್ತ ಒಡೆದರೆ ಕಹಿ. ಕೆಡೋದು ಒಬ್ಬರ ಪಾಲಲ್ಲ, ಎಲ್ಲರ ಗುಡ್ಡೆ.

ಹಾಗಾದರೆ ಎಂಥದ್ದು ತರಬೇಕು? ಸುಲಿಯೋಕೆ 4–5 ಅಂಗುಲದ ಅಲಗು ಸಾಕು. ತುದಿಯತ್ತ ತುಸು ಬಾಗಿದ್ದರೆ ಚರ್ಮ ತೂತಾಗದೆ ಬಿಡಿಸಿಕೊಳ್ಳುತ್ತದೆ. ನೆತ್ತರು, ಕೊಬ್ಬು ಮೆತ್ತಿದರೂ ಹಿಡಿ ಜಾರಬಾರದು. ಮೂಳೆಗೆ ಮಚ್ಚು ಬೇರೆ ಇರಲಿ. ಬೇಟೆ ಚೂರಿ ಅಂತ ಬೆನ್ನಿಗೆ ಗರಗಸದ ಹಲ್ಲಿಟ್ಟು ಮಾರುವ ಷೋಕಿ ಮಾಲು ಈ ಕೆಲಸಕ್ಕೆ ಬೇಡ. ಅಂದಹಾಗೆ, ಜಿಂಕೆ ಬೇಟೆಯ ಕನಸೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂದು ಅದು ಜೈಲಿನ ದಾರಿ.

ಕುಲುಮೆಯಲ್ಲಿ ಲಾರಿ ಪಟ್ಟಿಯಿಂದ ಬಡಿದ ಚೂರಿಗೆ ಸರಿಯಾಗಿ ಹದ ಕೊಟ್ಟಿದ್ದರೆ ಹರಿತ ಚೆನ್ನಾಗಿ ನಿಲ್ಲುತ್ತೆ. ತೇವಕ್ಕೆ ತುಕ್ಕು ಹಿಡಿಯೋದರಿಂದ ತೊಳೆದು, ಒರೆಸಿ, ಎಣ್ಣೆ ಸವರಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕಿನ ಕಾಟ ಕಡಿಮೆ. ಆದರೆ ತೀರಾ ಅಗ್ಗದ್ದು ಮರಿ ಸುಲಿದು ಮುಗಿಯೋ ಮೊದಲೇ ಮೊಂಡಾಗುತ್ತೆ. ಸಾಣೆ ಚಕ್ರಕ್ಕೆ ಕೊಟ್ಟಾಗ ಅಲಗು ಕಾದು ನೀಲಿಗಟ್ಟದಂತೆ ನೋಡಿಕೊಳ್ಳಿ. ಬಾಯಿಗೆ ನೀಲಿ ಬಂತು ಅಂದರೆ ಹದ ಹೋಯಿತು. ಹರಿತ ಪರೀಕ್ಷಿಸಲು ಬೆರಳು ಬೇಡ, ನಿನ್ನೆಯ ಪೇಪರು ಸಾಕು: ಎಳೆದಾಡದೆ ನೇರ ಸೀಳಬೇಕು.

ಹೊಟ್ಟೆ ಸೀಳುವಾಗ ಚೂರಿಯ ಬಾಯಿ ಮೇಲಕ್ಕಿರಲಿ, ಎಡಗೈಯಿಂದ ಬೋಟಿಯನ್ನು ಕೆಳಕ್ಕೆ ಒತ್ತಿ ಹಿಡಿದಿರಬೇಕು. ಅವಸರ ಬೇಡ.

ಹಬ್ಬದ ಹಿಂದಿನ ದಿನ ಸಾಣೆಯವನನ್ನು ಹುಡುಕಿದರೆ ಅವನ ಕೈ ಬಿಡುವಿರೋಲ್ಲ. ಚೀಟಿ ದುಡ್ಡಿನಲ್ಲಿ ಚೂರಿಗೂ ನಾಲ್ಕು ಕಾಸು ಎತ್ತಿಟ್ಟು, ವಾರ ಮುಂಚೆಯೇ ಕೆಲಸ ಮುಗಿಸುವುದು ಜಾಣತನ.